ಭಾವನ ಗಾಜಿನ ನಡಿಗೆ

ನಮ್ಮ ಭಾವನದು ಗಾಜಿನ ವ್ಯಾಪಾರ. ಪಕ್ಕದ ಅಂಗಡಿ ನನ್ನದು, ಕಿಟಕಿ ಚೌಕಟ್ಟುಗಳದ್ದು. ಅವರ ಗಾಜಿಲ್ಲದಿದ್ದರೆ ನನ್ನ ಚೌಕಟ್ಟು ಗಾಳಿಗೆ ಕಟ್ಟಿದ ಬೇಲಿ. ಆದ್ದರಿಂದ ಅವರಿಗೆ ವ್ಯಾನ್ ಓಡಿಸಲು ಕಲಿಸುತ್ತೇನೆಂದು ನಾನು ಒಪ್ಪಿಕೊಂಡದ್ದನ್ನು ಯಾರೂ ಅಕ್ಕನ ಮೇಲಿನ ಮಮತೆ ಎಂದು ತಪ್ಪು ತಿಳಿಯಬಾರದು.

ಅವರ ಹಳೆಯ ಡ್ರೈವರ್ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ. ಬದಲಿಗೆ ಬಂದವರು ಒಬ್ಬರೂ ನಿಲ್ಲಲಿಲ್ಲ. ಪ್ರತಿ ಗುಂಡಿಗೂ ಮಾಲೀಕ ಪಕ್ಕದಲ್ಲಿ ಕೂತು ಕಿರುಚಿದರೆ ಯಾರು ತಾನೆ ನಿಂತಾರು? ಅಷ್ಟರಲ್ಲಿ ಹೊಸ ಆಸ್ಪತ್ರೆಯೊಂದರ ಕಿಟಕಿ ಕೆಲಸ ನಮ್ಮಿಬ್ಬರಿಗೂ ಸೇರಿ ಸಿಕ್ಕಿತು. ತಿಂಗಳೊಳಗೆ ಭಾವನಿಗೆ ಲೈಸೆನ್ಸ್ ಬಾರದಿದ್ದರೆ ಅದು ಎದುರು ಬೀದಿಯ ಗಾಜಿನಂಗಡಿಯವನ ಪಾಲು. ಅದೂ ಹೋದರೆ ಭಾವ ಅಂಗಡಿಯ ಷಟರ್ ಎಳೆಯುವುದೊಂದೇ ಬಾಕಿ.

ಭಾವ ಗಾಜು ಹೊತ್ತು ನಡೆಯುವುದನ್ನು ನೋಡದವರಿಗೆ ಅವರ ರೋಗ ಅರ್ಥವಾಗದು. ಮೀಸೆ ಮೂಡುವ ಮೊದಲೇ ಕಂಕುಳಲ್ಲಿ ಆಳುದ್ದದ ಗಾಜು ಹಿಡಿದು ಬೀದಿಗಿಳಿದವರು. "ಗಾಜು, ಗಾಜು!" ಎಂದರೆ ಸಾಕು, ಜನ ಎರಡು ಹೋಳಾಗಿ ದಾರಿ ಬಿಡುತ್ತಾರೆ. ಪೊಲೀಸಿನವನೂ ಚರಂಡಿಯ ಅಂಚಿಗೆ ಸರಿಯುತ್ತಾನೆ. ಹೀಗಾಗಿ ಭಾವ ಜೀವಮಾನದಲ್ಲಿ ಯಾರಿಗೂ ಪಕ್ಕಕ್ಕೆ ಸರಿದವರಲ್ಲ. ಬರಿಗೈಲಿ ವಾಪಸ್ಸು ಬರುವಾಗಲೂ ಎಡಮೊಣಕೈ ಚಾಚಿ ಬೀದಿಯ ನಟ್ಟನಡುವೆಯೇ ಬರುತ್ತಾರೆ.

ಕ್ಲಚ್ಚು, ಗೇರು ಅವರಿಗೆ ನೀರು ಕುಡಿದಷ್ಟು ಸಲೀಸಾಗಿ ಬಂದವು. ಗ್ರಹಚಾರ ಶುರುವಾದದ್ದು ಗೋದಾಮಿನ ಅಂಗಳ ಬಿಟ್ಟು ರಸ್ತೆಗೆ ಇಳಿದ ಮೇಲೆ. ಎದುರಿಗೆ ಎಲೆಕೋಸಿನ ತಳ್ಳುಗಾಡಿ ಬಂತು. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು.

"ಗಾಜು, ಗಾಜು!"

"ಭಾವ, ಬ್ರೇಕು!"

"ಸರೀತಾನೆ ಬಿಡೋ."

"ಅವನ್ಯಾಕೆ ಸರೀಬೇಕು? ನೀವು ನಿಲ್ಲಿಸ್ಬೇಕು!"

"ಇಷ್ಟು ವರ್ಷ ಇದೇ ಬೀದೀಲಿ ಓಡಾಡಿದೀನಿ, ಒಂದು ಗಾಜೂ ಒಡ್ದಿಲ್ಲ. ನನಗೇ ಹೇಳ್ಕೊಡ್ತೀಯಾ?"

ನಾನು ಹ್ಯಾಂಡ್‌ಬ್ರೇಕ್ ಎಳೆದೆ. ವ್ಯಾನ್ ಎಲೆಕೋಸಿಗೆ ಮುತ್ತಿಕ್ಕುವಷ್ಟರಲ್ಲಿ ನಿಂತಿತು. ಗಾಡಿಯವನು ಖಾಲಿ ವ್ಯಾನಿನೊಳಗೆ ಇಣುಕಿ, "ಗಾಜೆಲ್ಲಿ ಸ್ವಾಮಿ?" ಎಂದು ಕೇಳಿದ.

ದಿನವೂ ಇದೇ ಹಾಡು. ನನ್ನ ಬದಿಯಲ್ಲಿ ಬ್ರೇಕಿಲ್ಲ ಎಂಬ ಸಂಗತಿ ನನ್ನ ಬಲಗಾಲಿಗೆ ಇವತ್ತಿಗೂ ಮನವರಿಕೆಯಾಗಿಲ್ಲ. ಗಂಟಲು ಹರಿದುಕೊಂಡು ಅಂಗಡಿಗೆ ಬಂದರೆ ಗಿರಾಕಿಗೆ ದರ ಹೇಳಲೂ ದನಿ ಬರುತ್ತಿರಲಿಲ್ಲ. ಚೌಕಾಸಿಯಲ್ಲಿ ನಾನು ಸೋತದ್ದು ಆ ತಿಂಗಳು ಮಾತ್ರ.

ಪರೀಕ್ಷೆಯ ದಿನ ಮೈದಾನದಲ್ಲಿ ಚಹಾ ಲೋಟ ಹಿಡಿದ ಗುಮಾಸ್ತನೊಬ್ಬ ಅಡ್ಡ ಬಂದ. ಭಾವ ಬ್ರೇಕ್ ಮುಟ್ಟಲಿಲ್ಲ, ಕೂಗಿದರು. ಚಹಾ ಗುಮಾಸ್ತನ ಅಂಗಿಯ ಮೇಲಾಯಿತು. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, "ಇವರಿಗೆ ಓಡಿಸೋಕೆ ಬರುತ್ತೆ ಕಣ್ರೀ. ನಿಲ್ಲಿಸೋ ಮನಸ್ಸೇ ಇಲ್ಲ. ಮುಂದಿನ ವಾರ ಬನ್ನಿ," ಎಂದರು. ತಿಂಗಳ ಗಡುವಿನೊಳಗೆ ಅದೇ ಕೊನೆಯ ಅವಕಾಶ.

"ನೀವಿಬ್ರೂ ಅದೇನು ಕಡಿದು ಗುಡ್ಡೆ ಹಾಕ್ತಿದೀರೋ ನೋಡ್ತೀನಿ," ಎಂದು ಮರುದಿನ ಅಕ್ಕ ಹಿಂದಿನ ಸೀಟಿನಲ್ಲಿ ಕೂತಳು. ತಿರುವಿನಲ್ಲಿ ಮುದುಕರೊಬ್ಬರು ರಸ್ತೆ ದಾಟುತ್ತಿದ್ದರು. ಭಾವ ಕೂಗಿದರು. ಕಿವಿ ಮಂದವೋ ಏನೋ, ಅವರು ಸರಿಯಲಿಲ್ಲ. ಕಡೇ ಗಳಿಗೆಯಲ್ಲಿ ಭಾವ ಬ್ರೇಕ್ ತುಳಿದರು. ಅಕ್ಕನ ಹಣೆ ನನ್ನ ಸೀಟಿಗೆ ಬಡಿಯಿತು. ಗಾಬರಿಯಲ್ಲಿ ಮುದುಕರ ಕೈಲಿದ್ದ ಕೊಡೆ ಕೆಳಗೆ ಬಿತ್ತು.

ಅಕ್ಕ ಹಣೆ ಉಜ್ಜಿಕೊಳ್ಳುತ್ತ ಕೇಳಿದಳು: "ರೀ, ನೀವು ಗಾಜು ಹೊತ್ಕೊಂಡು ಹೋಗೋವಾಗ ಜನ ಯಾಕೆ ಸರೀತಾರೆ?"

"ತಗುಲಿದ್ರೆ ಒಡೆದುಹೋಗುತ್ತೆ ಅಂತ."

"ಈಗ ತಗುಲಿದ್ರೆ ಯಾರು ಒಡೀತಿದ್ರು?"

ಮುದುಕರು ಬಗ್ಗಿ ಕೊಡೆಗಾಗಿ ತಡಕಾಡುತ್ತಿದ್ದರು.

"ಇಲ್ಲಿ ಕೂತಾಗ ನೀವು ಕಲ್ಲು ಕಣ್ರೀ. ಗಾಜು ಅಲ್ಲಿದೆ ನೋಡಿ."

"ನಾನೂ ಇಷ್ಟು ದಿನ ಅದನ್ನೇ ಬಡ್ಕೊಂಡಿದ್ದು!" ಎಂದೆ.

"ನೀನು ಹೇಳ್ಲಿಲ್ಲ ಕಣೋ, ಕಿರುಚಿದೆ," ಎಂದಳು ಅಕ್ಕ.

ಭಾವ ಇಳಿದು ಹೋಗಿ ಕೊಡೆ ಎತ್ತಿ ಕೊಟ್ಟರು. ಅಷ್ಟೇ ಅಲ್ಲ, ಮುದುಕರಿಗೆ ದಾರಿ ಬಿಟ್ಟು ತಾವೇ ಪಕ್ಕಕ್ಕೆ ಸರಿದರು. ನಾನು ಕಣ್ಣುಜ್ಜಿಕೊಂಡು ನೋಡಿದೆ.

ಲೈಸೆನ್ಸ್ ಬಂತು, ಆಸ್ಪತ್ರೆಯ ಕೆಲಸವೂ ಉಳಿಯಿತು. ಈಗ ಯಾರೇ ಎದುರಾದರೂ ಭಾವ "ಗಾಜು, ಗಾಜು" ಎಂದು ತಮಗೇ ಗೊಣಗಿಕೊಂಡು ಬ್ರೇಕ್ ಹಾಕುತ್ತಾರೆ. ಮೊದಲ ಕಿಟಕಿ ಕೂರಿಸುವ ದಿನ ನನ್ನ ಚೌಕಟ್ಟು ತಳ್ಳುಗಾಡಿಯಲ್ಲೇ ಬಂದು, ಕಾದು ಸುಸ್ತಾದ ಮೇಲೆ ಅವರ ವ್ಯಾನ್ ತಲುಪಿತು.

"ಎಲ್ಲಿ ಹಾಳಾಗಿ ಹೋಗಿದ್ರಿ ಭಾವ?"

"ರಸ್ತೇಲಿ ನಾಯಿ ಮಲಗಿತ್ತು."

"ಹಾರ್ನ್ ಹೊಡೀಬಾರದಿತ್ತಾ?"

"ಬೆಚ್ಚಿಬೀಳುತ್ತೆ ಕಣೋ ಪಾಪ. ಎದ್ದ ಮೇಲೆ ಬಂದೆ."

ತಲೆ ಚಚ್ಚಿಕೊಳ್ಳೋಣವೆಂದರೆ ಸುತ್ತಲೂ ಗಾಜು.