ಲಗ್ನ ಅಲ್ಲ, ಉಡಕಿ

ನಿಲ್ಮಿನಿ, ನೀನು ಈ ಮನೆಗೆ ಬರುವುದನ್ನು ತಡೆದವಳು ನಾನು. ವೀಸಾ ಕೊಡುವ ಕಚೇರಿಯಲ್ಲ, ನಿನ್ನ ಸಿಂಹಳ ಭಾಷೆಯ ಮದುವೆ ಪತ್ರವೂ ಅಲ್ಲ — ನಾನು, ನಿನ್ನ ಗಂಡನ ಒಡಹುಟ್ಟಿದ ಅಕ್ಕ. ಒಂದೇ ಒಂದು ಶಬ್ದದಿಂದ ತಡೆದೆ.

ಈಗ ಮಧ್ಯಾಹ್ನ. ಶಿಗ್ಗಾಂವಿಯ ಬಿಸಿಲು ಕಿಟಕಿಯ ಪರದೆಯವರೆಗೆ ಬಂದು ನಿಂತಿದೆ. ನೀನು ಪಡಸಾಲೆಯಲ್ಲಿ ಮಲಗಿದ್ದೀ. ನಿನ್ನ ಮಗಳು ನನ್ನ ಮಡಿಲಲ್ಲಿ ನಿದ್ದೆಯಲ್ಲೇ ನಗುತ್ತಿದ್ದಾಳೆ. ಇಂಥ ಹೊತ್ತಿನಲ್ಲಿ ಆ ವರ್ಷ ನಡೆದದ್ದೆಲ್ಲ ನಿಜವೋ, ಎಂದೋ ಬಿದ್ದ ಕನಸೋ ಎಂದು ಗೊಂದಲವಾಗುತ್ತದೆ. ಕನಸಾಗಿದ್ದರೆ ಎಷ್ಟು ಚೆನ್ನಾಗಿತ್ತು — ಆದರೆ ಅಲ್ಲ.

ಮಸ್ಕತ್ತಿನಲ್ಲಿ ದುಡಿಯುತ್ತಿದ್ದ ನನ್ನ ತಮ್ಮ ಶಿವು, ಅಲ್ಲೇ ಕೆಲಸಕ್ಕಿದ್ದ ನಿನ್ನನ್ನು ಮೆಚ್ಚಿ, ನಿನ್ನೂರಿಗೆ ಹೋಗಿ ರಿಜಿಸ್ಟರ್ ಮದುವೆಯಾದ. ನೀನು ಗಂಡ ಸತ್ತವಳು ಎಂಬುದನ್ನು ಫೋನಿನಲ್ಲಿ ಮುಚ್ಚಿಡದೆ ಹೇಳಿದ. ಅವ್ವ, “ಇರ್ಲಿ ಬಿಡಪಾ, ಆಕೀನೂ ಒಂದು ಹೆಣ್ಣಮಗಳು. ಕರಕೊಂಡ ಬಾ” ಅಂದಳು. ಇಷ್ಟೇ. ಇಷ್ಟು ಸಲೀಸಾಗಿ! ನನಗೆ ಅದನ್ನು ಸಹಿಸಲಾಗಲಿಲ್ಲ.

ಯಾಕೆಂದು ನಿನಗೆ ಗೊತ್ತಿಲ್ಲ. ಹಿರೇಕೆರೂರಿಗೆ ಲಗ್ನವಾಗಿ ಹೋದ ನಾನು ಗಂಡನನ್ನು ಕಳೆದುಕೊಂಡು ಈ ಮನೆಗೆ ತಿರುಗಿ ಬಂದಾಗ ನಿನಗಿಂತ ಚಿಕ್ಕವಳಿದ್ದೆ. ಹಾನಗಲ್ಲಿನ ಒಬ್ಬ ಮಾಸ್ತರರು ನನ್ನನ್ನು ಕೇಳಿಕೊಂಡು ಬಂದರು. ನಮ್ಮ ಕಡೆ ವಿಧವೆಯ ಮರುಮದುವೆಗೆ ಲಗ್ನ ಅನ್ನುವುದಿಲ್ಲ, ಉಡಕಿ ಅನ್ನುತ್ತಾರೆ. ಹಂದರವಿಲ್ಲ, ವಾಲಗವಿಲ್ಲ, ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುವುದು. ಅಷ್ಟಾದರೂ ಸಾಕಿತ್ತು ನನಗೆ. “ನಮ್ಮ ಮನಿತನದಾಗ ಉಡಕಿ ಪದ್ಧತಿ ಇಲ್ರಿ” ಎಂದು ಅಪ್ಪ ಅವರಿಗೆ ಚಹಾ ಕುಡಿಸಿ ಕಳಿಸಿಬಿಟ್ಟ. ಅವ್ವ ಬಾಗಿಲ ಮರೆಯಲ್ಲಿ ತುಟಿ ಬಿಚ್ಚಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಶಿವು ಅಲ್ಲೇ ಕುಳಿತಿದ್ದ, ಅವನೂ ಬಿಚ್ಚಲಿಲ್ಲ. ಮಾಸ್ತರರು ಚಪ್ಪಲಿ ಮೆಟ್ಟುವಾಗ ಒಮ್ಮೆ ಒಳಗೆ ನೋಡಿದರು. ಆಮೇಲೆ ಎಷ್ಟೋ ವರ್ಷ ಆ ನೋಟದೊಡನೆಯೇ ನಾನು ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಮಲಗಿದೆ.

ಶಿವು ನಿನಗಿಂತ ಮೊದಲು ಊರಿಗೆ ಬಂದು ಮೋಟಾರ್ ರಿಪೇರಿ ಅಂಗಡಿ ತೆರೆದ. ನಿನ್ನ ವೀಸಾದ ಕಾಗದಗಳನ್ನು ಅವನೂ ನಾನೂ ಕೂಡಿ ತುಂಬಿದೆವು. ನಿನ್ನೂರಿನ ಉದ್ದನೆಯ ಹೆಸರು ಆ ಸಣ್ಣ ಚೌಕಗಳಲ್ಲಿ ಹಿಡಿಸದೆ ಇಬ್ಬರೂ ನಕ್ಕಿದ್ದೆವು. ನೀನು ಫೋನಿನಲ್ಲಿ “ಅಕ್ಕಾ” ಅಂದಾಗ, ಇವನೇ ಕಲಿಸಿದ್ದಾನೆ ಅಂದುಕೊಂಡೆ. ಅದು ನಿಮ್ಮ ಭಾಷೆಯದೇ ಶಬ್ದ, ಅರ್ಥವೂ ಅದೇ ಎಂದು ಶಿವು ಹೇಳಿದಾಗ ಮೈ ಜುಮ್ಮೆಂದಿತು. ನೀನು ಆಗ ಬಸುರಿ. ಏಳನೇ ತಿಂಗಳಿಗೆ ಸೊಸೆ ಇಲ್ಲಿರಬೇಕು, ಹಸಿರು ಸೀರೆ ಉಡಿಸಿ ಕುಬಸ ಮಾಡಬೇಕು ಎಂದು ಅವ್ವ ಕನವರಿಸುತ್ತಿದ್ದಳು.

ವೀಸಾ ಅರ್ಜಿಯ ವಿಚಾರಣೆಗೆ ಪೊಲೀಸರು ಬಂದ ದಿನ ಮನೆಯಲ್ಲಿ ನಾನೊಬ್ಬಳೇ. ಬಂದವರು ಈ ಸೀಮೆಯವರೇ, ಸಭ್ಯರು. ನೀರು ಕುಡಿದು, ಪೆನ್ನು ತೆಗೆದು ಕೇಳಿದರು: “ನಿಮ್ಮ ತಮ್ಮಂದು ಆ ಹೆಣ್ಣಮಗಳ ಜೋಡಿ ಲಗ್ನ ಆಗೇತೇನ್ರಿ ಅಕ್ಕಾರ?”

ಹೌದು ಅನ್ನಬಹುದಿತ್ತು. ನಾನು —

“ಲಗ್ನ ಅಲ್ರಿ. ಉಡಕಿ,” ಅಂದೆ.

ಅವರ ಪೆನ್ನು ನಿಂತಿತು. “ಲಗ್ನ ಆಗಿಲ್ಲಂತ ಬರೀಲ್ಯಾ? ಹಂಗ ಬರದ್ರ ಮ್ಯಾಲಿನವ್ರು ಬ್ಯಾರೇನ ತಿಳ್ಕೋತಾರ ನೋಡ್ರಿ.”

“ಬರೀರಿ,” ಅಂದೆ.

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅವರು ಎಚ್ಚರಿಸಿದ ಮೇಲೂ ಆಡಿದ ಮಾತು. ಆ ಗಳಿಗೆಯಲ್ಲಿ ನನಗೆ ಸುಖವಾಯಿತು, ನಿಲ್ಮಿನಿ. ನನಗೆ ಈ ಮನೆ ಕೊಡದ ಶಬ್ದವನ್ನು ನಿನ್ನ ಮೇಲೆ ಎಸೆದು, ಅದೆಷ್ಟು ಹಗುರಾದೆ...

ಮದುವೆ ಖಾತ್ರಿಯಾಗಿಲ್ಲ ಎಂದು ಅರ್ಜಿ ತಿರುಗಿ ಬಂತು. ಮದುವೆ ಪತ್ರದ ತರ್ಜುಮೆಯಲ್ಲೇ ಏನೋ ತಪ್ಪಿದೆಯೆಂದು ಶಿವು ಹುಬ್ಬಳ್ಳಿಗೂ ಬೆಂಗಳೂರಿಗೂ ಅಲೆದ. ಅವನ ಜೊತೆ ಕುಳಿತು ಮತ್ತೆ ಕಾಗದ ತುಂಬಿದವಳೂ ನಾನೇ. ಇಂದು ಬಂದೀತು, ನಾಳೆ ಬಂದೀತು ಎಂದು ಅವನು ಇಲ್ಲೇ ಉಳಿದ. ಏಳನೇ ತಿಂಗಳು ಕಳೆಯಿತು. ಆಮೇಲೆ ವಿಮಾನ ಹತ್ತಬಾರದೆಂದು ನಿನ್ನ ಡಾಕ್ಟರು ಹೇಳಿದರು. ದಿನ ತುಂಬುವ ಮೊದಲೇ, ತಾಯಿಯಿಲ್ಲದ ನೀನು, ನಿನ್ನೂರಿನ ಆಸ್ಪತ್ರೆಯಲ್ಲಿ ಒಬ್ಬಳೇ ಹೆತ್ತೆ. ಮಗಳ ಮುಖವನ್ನು ಶಿವು ಫೋನಿನಲ್ಲಿ ನೋಡಿ, ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತ. ಎರಡನೆಯ ವಿಚಾರಣೆಗೆ ಅವ್ವ ಉತ್ತರ ಕೊಟ್ಟಳು. ನಿನಗೆ ವೀಸಾ ಸಿಕ್ಕಿತು.

ಮೊನ್ನೆ ಸವಣೂರಿನ ಸಂತೆಯಿಂದ ಬರುವಾಗ ಬಸ್ಸಿನಲ್ಲಿ ನೀನು ಕೇಳಿದೆ, “ಅಕ್ಕಾ, ಆವಾಗ ಯಾಕ ಅಷ್ಟ ತಡಾ ಆತು?” “ಸರಕಾರದ ಕೆಲಸ ಹಂಗ ನೋಡವ್ವಾ,” ಅಂದೆ. ನೀನು ನಂಬಿದೆ. ನಂಬಿ, ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದೆ. ಆ ತಲೆಯ ಭಾರ ನನ್ನ ಹೆಗಲಿನಿಂದ ಇನ್ನೂ ಇಳಿದಿಲ್ಲ.

ನನ್ನ ದುಃಖಕ್ಕೆ ಕಾರಣನಾದ ಅಪ್ಪ ಇಂದಿಲ್ಲ. ಇದ್ದಿದ್ದರೂ, ಅದಕ್ಕೆ ನೀನು ದಂಡ ತೆರಬೇಕಾಗಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನೀನು ಏಳುತ್ತೀ, ಕಣ್ಣುಜ್ಜುತ್ತ ಮಗಳನ್ನು ಹುಡುಕುತ್ತೀ. ಇದನ್ನೆಲ್ಲ ಆಗ ನಿನಗೆ ತಿಳಿಯುವ ಸಣ್ಣ ಸಣ್ಣ ಮಾತುಗಳಲ್ಲಿ ಹೇಳುತ್ತೇನೆ. ಸಂಜೆ ಶಿವುಗೂ ಹೇಳುತ್ತೇನೆ. ಕೇಳಿದ ಮೇಲೆ ನೀನು ಮಗಳನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಹೋದರೆ, ತಿರುಗಿ ಕೊಡೆಂದು ನಾನು ಕೈ ಚಾಚುವುದಿಲ್ಲ.