ಕಲೆಗೆ ಬರೆದ ಕಣ್ಣು

“ಯಾಕಣ್ಣಾ ಕಣ್ಣು ಬರ್ದೆ? ಯಾರು ಕೇಳಿದ್ರು ನಿನ್ನ?”

“ಬರೀ ಕಲೆ ಆಗಿತ್ತು ಕಣೇ. ಎತ್ತಿನಂಗೆ ಕಾಣ್ತು, ಎತ್ತು ಮಾಡ್ದೆ. ತಪ್ಪಾ?”

“ಹೂಂ, ಕಲೆನೇ! ನಿಂಗೆ ಗೊತ್ತಿರೋದು ಸೋಪು ಹಾಕಿ ಒಗೆಯೋ ಕಲೆ ಒಂದೇ.”

ಹಾರನಹಳ್ಳಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಅಂಗಳದಲ್ಲಿ ಚಿದಂಬರ, ಅವನ ತಂಗಿ ಸ್ವಾತಿ ಜಗಳಕ್ಕೆ ನಿಂತಿದ್ದಾರೆ. ನಡುವೆ ಹಗ್ಗದ ಮೇಲೊಂದು ಬಟ್ಟೆ. ಬಟ್ಟೆಯ ಮೇಲೆ ಎರಡು ಕಣ್ಣು.

ಈ ಅಣ್ಣತಂಗಿ ಅಂಗಡಿಯ ಬಣ್ಣ ಮುಟ್ಟುವವರಲ್ಲ. ತೆಂಗಿನ ಸಿಪ್ಪೆ ನೆನೆಸಿದ ಕಂದು, ಮುತ್ತುಗದ ಹೂವಿನ ಕೇಸರಿ, ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ಎಲ್ಲವೂ ಸ್ವಾತಿಯ ಕೈಯಲ್ಲೇ ಆಗಬೇಕು. ಆ ಬಣ್ಣದಲ್ಲಿ ಚಿದಂಬರ ಎತ್ತು, ಸಂತೆ, ಕಾಯಿ ಸುಲಿಯುವವರನ್ನು ಕಂಡಂತೆ ಬರೆದು, ಹಳೇಬೀಡಿನ ದೇವಸ್ಥಾನದ ದಾರಿಯಲ್ಲಿ ಹರವಿಕೊಂಡು ಕೂರುತ್ತಾನೆ. ಮೂಲೆಯಲ್ಲಿ ಅವನ ಹೆಸರು ಮಾತ್ರ. ಬಣ್ಣ ಯಾರದೆಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಸ್ವಾತಿಯ ಚಿತ್ರಗಳ ದಾರಿ ಬೇರೆ. ಒದ್ದೆ ಬಟ್ಟೆಯ ಮೇಲೆ ಎಲೆ, ಬೇರು, ತೆಂಗಿನ ನಾರು ಹರಡಿ, ಕಲ್ಲು ಹೇರಿ, ಬಣ್ಣ ತಾನಾಗಿ ಇಳಿಯಲು ಬಿಡುತ್ತಾಳೆ. ಇಂಥದ್ದೇ ಎಂದು ಹೇಳಲಾಗದ ಆಕಾರಗಳು. ಇಷ್ಟು ವರ್ಷ ಅವು ಮಡಚಿ ಟ್ರಂಕಿನಲ್ಲೇ ಇದ್ದವು. ಕಳೆದ ವಾರ ಬಿಕ್ಕೋಡಿನ ಎಸ್ಟೇಟಿನ ರುಕ್ಮಿಣಮ್ಮ ಹಗ್ಗದ ಮೇಲೆ ಒಣಗುತ್ತಿದ್ದ ಒಂದನ್ನು ನೋಡಿ, “ಇದು ಹಿಂಗೇ ಇರ್ಲಿ, ಬಂದು ತಗೊಂಡು ಹೋಗ್ತೀನಿ” ಎಂದರು. ಸ್ವಾತಿಯ ಚಿತ್ರಕ್ಕೆ ಸಿಕ್ಕಿದ ಮೊದಲ ಗಿರಾಕಿ.

ಅದೇ ಬಟ್ಟೆಗೆ ಚಿದಂಬರ ನಿನ್ನೆ ಸಂಜೆ ಬಾಳೆದಿಂಡಿನ ರಸದಲ್ಲಿ ಕಣ್ಣು ಬರೆದ. ಹಚ್ಚುವಾಗ ನೀರಿನಂತಿದ್ದ ರಸ ಬೆಳಗಾಗುವಷ್ಟರಲ್ಲಿ ಕಪ್ಪಿಟ್ಟಿದೆ. ಒಗೆದರೆ ಹೋಗುವ ಕರೆಯಲ್ಲ ಅದು. ಮೇಲಾಗಿ, ಕಣ್ಣು ಬಿಟ್ಟ ಆಕಾರವನ್ನು ಅಳಿಸಬಾರದು, ಚಿತ್ರ ಯಾರದೋ ಕಣ್ಣೂ ಅವರೇ ಬರೆಯಬೇಕು ಎಂಬುದು ಈ ಮನೆಯ ಕಟ್ಟಳೆ. ಚಿದಂಬರನಿಗೆ ಇದು ಗೊತ್ತಿಲ್ಲದ್ದೇನಲ್ಲ. ತಂಗಿಗೆ ಒಳ್ಳೆಯದಾಗಲಿ ಎಂದು ಬರೆದೆ ಎನ್ನುತ್ತಾನೆ. ಸುಳ್ಳಲ್ಲ. ಆದರೂ ತಪ್ಪು ತಪ್ಪೇ.

“ರುಕ್ಮಿಣಮ್ಮ ಬಂದು ಏನಮ್ಮ ಇದು ಅಂದ್ರೆ ಏನ್ ಹೇಳ್ತಿದ್ದೆ?”

“ಅವ್ರು ಕೇಳ್ಲೇ ಇಲ್ವಲ್ಲ. ನಿಂಗೊಬ್ಬನಿಗೇ ಅದು ಏನಾದ್ರೂ ಆಗ್ಬೇಕಿತ್ತು. ಮೂಲೇಲಿ ಹೆಸ್ರೂ ಬರ್ಕೋ ಹೋಗು, ಎತ್ತು ನಿಂದೇ ತಾನೆ!”

ಚಿದಂಬರ ಬಟ್ಟೆಯ ಮೂಲೆ ಹಿಡಿದು ನೋಡುತ್ತಾನೆ. ಆಮೇಲೆ ಯಾರಿಗೂ ಕೇಳದಷ್ಟು ಮೆಲ್ಲಗೆ, “ನಿನ್ ಹೆಸ್ರೇ ಬರೀತೀನಿ ಬಿಡೇ” ಎನ್ನುತ್ತಾನೆ. ಅಷ್ಟರಲ್ಲಿ ಸ್ವಾತಿ ಚಪ್ಪಲಿ ಮೆಟ್ಟಿ ಬಾಣಾವರದ ಬಸ್ಸಿನ ಕಡೆಗೆ ನಡೆದಾಗಿದೆ.

ಒಲೆಯ ಮೇಲೆ ಮುತ್ತುಗದ ಹೂ ಕುದಿಯುತ್ತಿದೆ.

“ಸ್ವಾತೀ, ಇದನ್ನ ಯಾವಾಗ ಇಳಿಸ್ಬೇಕೇ?”

ಅವಳು ತಿರುಗಿ ನೋಡುವುದಿಲ್ಲ. ಬಣ್ಣ ತಳ ಹಿಡಿಯುತ್ತದೆ. ಸಂಜೆಯ ಕೊನೆಯ ಬಸ್ಸೂ ಬಂದು ಹೋಗುತ್ತದೆ, ಸ್ವಾತಿ ಬರುವುದಿಲ್ಲ.