ಟೇಪು ಕಂಡರೆ ಕುಗ್ಗುವ ನಾಯಿ

ನಮ್ಮ ಭಾವನ ಹೊಲಿಗೆ ಅಂಗಡಿಯಲ್ಲಿ ಇರುವುದು ಒಂದೇ ಕಾನೂನು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವಂತಿಲ್ಲ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಎಂಥ ದೊಡ್ಡ ಮನುಷ್ಯನೂ ಉಸಿರು ಬಿಗಿಹಿಡಿದು ಸಣ್ಣಗಾಗಲು ನೋಡುತ್ತಾನೆ. ಭಾವ ಟೇಪು ಹಿಡಿದೇ ಕಾಯುತ್ತಾರೆ. ಆಮೇಲೆ, "ಉಸಿರು ಬಿಡಿ ಸಾರ್, ಬಟ್ಟೆಗೆ ಸುಳ್ಳು ಹೇಳ್ಬೇಡಿ. ನಾಳೆ ಊಟ ಮಾಡಿ ಕೂತಾಗ ಗುಂಡಿ ಕಿತ್ಕೊಂಡು ಅದೇ ನಿಜ ಹೇಳುತ್ತೆ" ಅನ್ನುತ್ತಾರೆ. ಗಿರಾಕಿ ನಕ್ಕು ಉಸಿರು ಬಿಡುತ್ತಾರೆ. ಹೊಟ್ಟೆ ತನ್ನ ಜಾಗಕ್ಕೆ ಬರುತ್ತದೆ.

ಇಂಥ ಭಾವನೇ ಅಳತೆಯಲ್ಲಿ ಮೋಸ ಮಾಡಿದರು. ಅದೂ ಒಂದು ನಾಯಿಯ ಅಳತೆಯಲ್ಲಿ, ಅದೂ ನನ್ನ ಅಕ್ಕನಿಗೆ ಗೊತ್ತಾಗದ ಹಾಗೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತಾರಲ್ಲ, ಹಾಗೆ.

ನಾನು ಅದೇ ಅಂಗಡಿಯಲ್ಲಿ ಕಾಜಾ, ಗುಂಡಿ ಕೆಲಸ ಮಾಡುತ್ತೇನೆ. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ, ಭಾವ, ನಾನು ಇರುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಭಾವ ಛೇಡಿಸುತ್ತಾರೆ. ಇರಲಿ, ಮೂಗು ನನ್ನದೇ ತಾನೆ.

ಅಕ್ಕ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದಳು. ಒಂದು ವರ್ಷ ಶಾಲೆಯವರು ಆ ಹುದ್ದೆಯನ್ನೇ ತೆಗೆದುಹಾಕಿದರು. ಅಕ್ಕ ಮನೆಗೆ ಬಂದು, ಸೀಟಿಯನ್ನು ಮೊಳೆಗೆ ನೇತುಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಲೆ ಬಾಚುತ್ತಿರಲಿಲ್ಲ. ಕರೆದರೆ 'ಹೂಂ' ಅನ್ನುವುದೇ ಹೆಚ್ಚು. ತಿಂಗಳುಗಟ್ಟಲೆ ಹೀಗೇ ಆದಾಗ, ಅಂಗಡಿಯ ಮೆಟ್ಟಿಲ ಕೆಳಗೆ ಬಿದ್ದಿರುತ್ತಿದ್ದ ಮರಿಯೊಂದನ್ನು ಭಾವ ಎತ್ತಿ ತಂದು ಅವಳ ಮಂಚದ ಮೇಲೆ ಬಿಟ್ಟರು. ಅದು ಅಕ್ಕನ ಹೊದಿಕೆ ಕಚ್ಚಿ ಎಳೆದು ನೆಲಕ್ಕೆ ಹಾಕಿತು. ಆ ಮರಿಯೇ ಗುಂಡ.

ಗುಂಡನಿಗೆ ಓಡದಿದ್ದರೆ ತಿಂದದ್ದು ಕರಗುತ್ತಿರಲಿಲ್ಲ. ಓಡಿಸಲು ಅಕ್ಕ ಎದ್ದಳು. ಮೈದಾನದಲ್ಲಿ ಕೆಲವರು ನಾಯಿಗಳಿಗೆ ಅಡ್ಡಿ ಓಟ ಕಲಿಸುತ್ತಿದ್ದರು. ಅಡ್ಡಪಟ್ಟಿ ಹಾರಬೇಕು, ಬಟ್ಟೆಯ ಸುರಂಗದಲ್ಲಿ ನುಗ್ಗಬೇಕು, ಸಾಲು ಕಂಬಗಳ ನಡುವೆ ನುಸುಳಬೇಕು, ನಾಯಿಯ ಪಕ್ಕದಲ್ಲೇ ಯಜಮಾನರೂ ಓಡುತ್ತ ದಾರಿ ತೋರಿಸಬೇಕು. ಅಕ್ಕ ಮೊಳೆಯಿಂದ ಸೀಟಿ ತೆಗೆದಳು. ಅವಳ ಗಂಟಲು ಮತ್ತೆ ಕೇಳಿಸಿದ ದಿನ ಭಾವ ಖುಷಿಯಲ್ಲಿ ಒಂದು ಕೋಟಿಗೆ ಎರಡೂ ತೋಳು ಎಡಗೈಯದ್ದನ್ನೇ ಹೊಲಿದಿದ್ದರು.

ಈ ಪಂದ್ಯಗಳಲ್ಲಿ ನಾಯಿಯ ಭುಜದ ಎತ್ತರ ನೋಡಿ ಗುಂಪು ಮಾಡುತ್ತಾರೆ. ಮಧ್ಯಮ ಗುಂಪಿಗೆ ಪಟ್ಟಿಗಳು ತಗ್ಗು, ದೊಡ್ಡ ಗುಂಪಿಗೆ ಎತ್ತರ. ಗುಂಡ ಎರಡು ಗುಂಪಿನ ನಡುವಿನ ಗೆರೆಯಿಂದ ಒಂದು ಬೆರಳು ಮೇಲಿದ್ದ. ದೊಡ್ಡ ಗುಂಪಿನಲ್ಲಿ ಉದ್ದ ಕಾಲಿನ ನಾಯಿಗಳ ಜೊತೆ ಓಡಿ, ಪಟ್ಟಿಗಳನ್ನೆಲ್ಲ ಬೀಳಿಸಿ ಬಂದ. ಅಂದು ಅಕ್ಕ ಮನೆಗೆ ಬಂದು ಶೂ ಕೂಡ ಬಿಚ್ಚದೆ, ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಭಾವ ಮಂಚದ ಕೊನೆಯಲ್ಲಿ ಕೂತು ಶೂ ಲೇಸು ಬಿಚ್ಚುತ್ತಿದ್ದರು.

ಒಂದು ಮಧ್ಯಾಹ್ನ ನಾನು ಬಟ್ಟೆ ಕತ್ತರಿಸುವ ಕೋಣೆಗೆ ಹೋದರೆ, ಭಾವ ಕೊರಳಿನಿಂದ ಟೇಪು ಎಳೆದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಾರೆ. ಎದುರಿಗೆ ಗುಂಡ, ಮೊಣಕಾಲು ಸಡಿಲ ಬಿಟ್ಟು, ಭುಜ ಇಳಿಸಿ, ಕಲ್ಲಿನ ಹಾಗೆ ನಿಂತಿದ್ದಾನೆ. ಭಾವ ಟೇಪು ಸುತ್ತಿಟ್ಟರು. ಗುಂಡ ಎದ್ದು ಅವರ ಜೇಬಿಗೆ ಮೂಗು ಹಾಕಿದ. ಅವರು ಬಿಸ್ಕತ್ತು ಕೊಟ್ಟರು. ಟೇಪು ಬಿಗಿ ಹಿಡಿದರೆ ಒಂದು ಬೆರಳು ಕುಗ್ಗಲು ಅವನಿಗೆ ಕಲಿಸಿದ್ದರು! ಅಷ್ಟರಲ್ಲಾಗಲೇ ಗುಂಡ ಮಧ್ಯಮ ಗುಂಪಿಗೆ ಬಂದು ಎರಡು ಪದಕ ಗೆದ್ದಾಗಿತ್ತು. ಅಳತೆಯ ದಿನ ಭಾವ, "ಅಳತೆ ನನ್ನ ಕಸುಬು, ನೀನು ಮೈ ಬಿಸಿ ಮಾಡ್ಕೋ ಹೋಗು" ಎಂದು ಅಕ್ಕನನ್ನು ಯಾಕೆ ಕಳಿಸಿದ್ದರೆಂದು ನನಗೆ ಆಗ ಹೊಳೆಯಿತು.

"ಭಾವ, ಇದು ಮೋಸ!" ನಾನು ಕೂಗಿಯೇಬಿಟ್ಟೆ.

"ಮೆಲ್ಲಗೆ ಕಣೇ. ಹೋದ ಸಲ ಅವಳು ಹೇಗೆ ಮಲಗಿದ್ಲು ಅಂತ ನೋಡಿದ್ಯಲ್ಲ?"

"ಅವಳಿಗೆ ಗೊತ್ತಾದ್ರೆ?"

"ನಾನೇ ಹೇಳ್ತೀನಿ. ಈ ದೊಡ್ಡ ಪಂದ್ಯ ಒಂದು ಮುಗೀಲಿ."

"ಮುಂಚೆ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ."

ಹೇಳುತ್ತೇನೆಂದು ಒಪ್ಪಿದರು. ಆಮೇಲೆ ದಿನವೂ ಊಟಕ್ಕೆ ಕೂತಾಗ ನಾನು ಅವರ ಮುಖ ನೋಡುವುದು, ಅವರು ತಟ್ಟೆ ನೋಡುವುದು. ಅಕ್ಕ ಮಾತ್ರ ಗುಂಡನ ತಿರುವುಗಳನ್ನು ಮೇಜಿನ ಮೇಲೆ ಚಮಚ, ಲೋಟ ಜೋಡಿಸಿ ತೋರಿಸುತ್ತ ನಗುತ್ತಿದ್ದಳು. ಆ ನಗುವಿನ ಎದುರು ನನ್ನ ಸಿಟ್ಟೂ ಬಾಲ ಮಡಚಿತು.

ಪಂದ್ಯದ ದಿನ ಬೆಳಿಗ್ಗೆ ಒಂದು ಕೋಟು ಕೊಡುವುದಿತ್ತು. ಭಾವ ಅದನ್ನು ಮುಗಿಸಿ ಅಂಗಡಿಯಿಂದ ಹಾಗೇ ಓಡಿಬಂದರು. ಕೊರಳಲ್ಲಿ ಟೇಪಿತ್ತು. ನಾನೂ ಗಮನಿಸಲಿಲ್ಲ. ಟೇಪಿಲ್ಲದ ಭಾವನನ್ನು ನಾವು ನೋಡಿದ್ದಾದರೂ ಯಾವಾಗ?

ಅಕ್ಕ, ಗುಂಡ ಅಂದು ಓಡಿದ್ದನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಒಂದು ಪಟ್ಟಿಯೂ ಅಲುಗಲಿಲ್ಲ. ಕಂಬಗಳ ಸಾಲಿನಲ್ಲಿ ಗುಂಡ ನೀರಿನ ಹಾಗೆ ಹರಿದ. ಇನ್ನು ಒಂದೇ ಪಟ್ಟಿ, ಅದರಾಚೆ ಗೆಲುವಿನ ಗೆರೆ, ಗೆರೆಯ ಪಕ್ಕದ ಬೇಲಿಗೆ ಒರಗಿ ಭಾವ. ಭಾವನಿಗೆ ಗಾಬರಿಯಾದರೆ ಕೈಗೆ ಕೆಲಸ ಬೇಕು. ಕೊರಳಿನಿಂದ ಟೇಪು ಎಳೆದು ಎರಡೂ ಕೈಯಲ್ಲಿ ಬಿಗಿ ಹಿಡಿದರು.

ಗುಂಡ ನಿಂತ. ಮೊಣಕಾಲು ಸಡಿಲ ಬಿಟ್ಟು ಭುಜ ಇಳಿಸಿದ.

"ಗುಂಡಾ, ಹಾರು!" ಅಕ್ಕ ಕೂಗಿದಳು. ಸೀಟಿ ಊದಿದಳು. ಗುಂಡನ ಕಣ್ಣು ಭಾವನ ಕೈಯ ಮೇಲೆ. ಟೇಪು ಸುತ್ತಿಟ್ಟರೆ ನಾಯಿ ಏಳುತ್ತದೆ, ಆದರೆ ಎಲ್ಲರ ಎದುರು ಗುಟ್ಟು ರಟ್ಟಾಗುತ್ತದೆ. ಸುತ್ತದಿದ್ದರೆ ಅಕ್ಕ ಸೋಲುತ್ತಾಳೆ. ಅವರು ಸುತ್ತಿದರು. ಗುಂಡ ತಟ್ಟನೆ ಎದ್ದ. ಪಟ್ಟಿಯ ಪಕ್ಕದಿಂದ ನುಸುಳಿ, ನೇರ ಬೇಲಿಗೆ ಬಂದು, ಭಾವನ ಜೇಬಿನ ಮುಂದೆ ಕೂತ.

ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಅವಳು ಮಕ್ಕಳಿಗೆ ಆಟ ಕಲಿಸಿದವಳು, ಕಲಿಸಿದ್ದು ಯಾವುದು ಕಲಿಸದ್ದು ಯಾವುದು ಎಂದು ಅವಳಿಗೆ ತಿಳಿಯುತ್ತದೆ. ಹತ್ತಿರ ಬಂದು, "ಇದನ್ನ ಯಾರು ಕಲಿಸಿದ್ದು?" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಭಾವನ ಕೈ ಕೊರಳಿಗೆ ಹೋಯಿತು.

"ನೀವು ಇಲ್ಲೇ ನಿಂತಿರಿ" ಎಂದು ಹೇಳಿ ಅಕ್ಕ ಗುಂಡನನ್ನು ತೀರ್ಪುಗಾರರ ಮೇಜಿಗೆ ಕರೆದೊಯ್ದಳು. ಇನ್ನೊಮ್ಮೆ ಅಳೆಯಿರೆಂದು ತಾನೇ ಕೇಳಿದಳು. ಭಾವ ದೂರವಿದ್ದುದರಿಂದ ಗುಂಡ ನೆಟ್ಟಗೆ ನಿಂತ, ಗೆರೆಯಿಂದ ಒಂದು ಬೆರಳು ಮೇಲೇ ಬಂದ. ಎರಡು ಪದಕಗಳನ್ನೂ ಮರುದಿನವೇ ವಾಪಸು ಕೊಟ್ಟು ಬಂದಳು. ಮನೆಯಲ್ಲಿ ಬೇಕಾದಷ್ಟೇ ಮಾತು. ಭಾವ ಕ್ಷಮೆ ಕೇಳಿದರೆ, "ಊಟ ಆರ್ತಿದೆ" ಅನ್ನುತ್ತಿದ್ದಳು. ಗೊತ್ತಿದ್ದೂ ಹೇಳಲಿಲ್ಲವೆಂದು ನನ್ನ ಮೇಲೂ ಮುನಿದಿದ್ದಳು, ಅದು ನ್ಯಾಯವೇ.

ಮುಂದಿನ ಪಂದ್ಯದಲ್ಲಿ ದೊಡ್ಡ ಗುಂಪಿಗೇ ಹೆಸರು ಕೊಟ್ಟಳು. ನಾವಿಬ್ಬರೂ ಬರುವುದು ಬೇಡವೆಂದಳು. ಭಾವ ಅಂದು ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಿಲ್ಲ. ಸಂಜೆ ಅಕ್ಕ ಅಂಗಡಿಯ ಬಾಗಿಲಿಗೇ ಬಂದಳು. ಮೈಯೆಲ್ಲ ಧೂಳು.

"ಮೂರು ಪಟ್ಟಿ ಬೀಳಿಸಿದ. ಕೊನೇ ಜಾಗ" ಎಂದಳು.

ಭಾವ ಮೆಷಿನ್ನು ಬಿಟ್ಟು ಎದ್ದರು. "ಸ್ವಲ್ಪ ಮಲಗ್ತೀಯಾ?"

"ಯಾಕೆ ಮಲಗ್ಲಿ? ನಾಳೆ ಬೆಳಿಗ್ಗೆ ಅವನಿಗೆ ಅಭ್ಯಾಸ ಇದೆ." ಅವಳು ಬಗ್ಗಿ ತಾನೇ ಶೂ ಬಿಚ್ಚಿದಳು. "ಗುಂಡನ್ದು ಹೋಗ್ಲಿ ಬಿಡಿ. ನನ್ನ ಅಳತೇನೇ ಕಮ್ಮಿ ತೆಗೆದ್ರಲ್ಲ ನೀವು."

ಅಷ್ಟು ಹೇಳಿ ಒಳಗೆ ಹೋದಳು. ಭಾವ ಅವಳ ಧೂಳು ಹಿಡಿದ ಶೂ ಎತ್ತಿ ಗೋಡೆಗೆ ಒರಗಿಸಿಟ್ಟರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬರೀ ಸಂಕಟವಾಯಿತು.

ಅಷ್ಟರಲ್ಲಿ ಪ್ಯಾಂಟು ಹೊಲಿಸಲು ಬ್ಯಾಂಕಿನ ಗುಮಾಸ್ತರು ಬಂದರು. ಭಾವ ಕೊರಳಿನಿಂದ ಟೇಪು ಎಳೆದರು. ಮೆಷಿನ್ನಿನ ಪಕ್ಕ ನಿಂತಿದ್ದ ಗುಂಡ ಮೊಣಕಾಲು ಸಡಿಲ ಬಿಟ್ಟು ಭುಜ ಇಳಿಸಿದ. ಗುಮಾಸ್ತರು ಹೊಟ್ಟೆ ಒಳಗೆಳೆದುಕೊಂಡು, 'ಉಸಿರು ಬಿಡಿ ಸಾರ್' ಎಂಬ ಎಂದಿನ ಮಾತಿಗಾಗಿ ನಗುತ್ತ ಕಾದರು. ಭಾವ ಬಾಯಿ ತೆರೆದರು, ಗುಂಡನನ್ನು ನೋಡಿದರು, ಬಾಯಿ ಮುಚ್ಚಿದರು. ಒಳಗೆಳೆದ ಹೊಟ್ಟೆ ಹೇಗಿತ್ತೋ ಹಾಗೇ ಅಳತೆ ಬರೆದುಕೊಂಡರು.